ಹೊಸ ಬಣ್ಣಕ್ಕೆ ಮರುಳಾಗಬೇಡಿ

ಮನೆ ಕೊಳ್ಳುವವರು ಕಾಗದಪತ್ರಗಳನ್ನು ವಕೀಲರಿಗೆ ತೋರಿಸುತ್ತಾರೆ, ಗೋಡೆಯನ್ನು ಯಾರಿಗೂ ತೋರಿಸುವುದಿಲ್ಲ. ಮುಂಗಡ ಕೊಡುವ ಮೊದಲು ಸಿವಿಲ್ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ದಲ್ಲಾಳಿ ಕಡೆಯವರು ಬೇಡ. ಸಾಧ್ಯವಾದರೆ ಜೋರು ಮಳೆ ಬಂದ ಮರುದಿನವೇ ಹೋಗಿ. ಬಚ್ಚಲುಮನೆಯ ಹಿಂಬದಿ ಗೋಡೆ ಮುಟ್ಟಿ ನೋಡಿ: ಬಣ್ಣ ಉಬ್ಬಿದ್ದರೆ, ಬೆರಳಿಟ್ಟಲ್ಲಿ ಬಿಳಿ ಪುಡಿ ಉದುರಿದರೆ ಒಳಗೆ ನೀರು ಜಿನುಗುತ್ತಿದೆ ಎಂದೇ ಅನುಮಾನಿಸಿ. ಒಂದು ಕೋಣೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳಿ, ಸಂಕೋಚ ಬೇಡ. ತೊಲೆ, ಕಂಬಗಳಲ್ಲಿ ಓರೆಯಾಗಿ ಓಡಿದ ಬಿರುಕನ್ನು ಎಂಜಿನಿಯರ್ ನೋಡಲೇಬೇಕು. ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ನೋಡಿ.

ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯಡಿ (ರೇರಾ) ನೋಂದಣಿಯಾದ ಹೊಸ ಫ್ಲ್ಯಾಟಾದರೆ, ಸ್ವಾಧೀನದ ದಿನದಿಂದ 5 ವರ್ಷದೊಳಗೆ ತಿಳಿಸಿದ ಕಟ್ಟಡದ ದೋಷವನ್ನು ಬಿಲ್ಡರ್ 30 ದಿನದಲ್ಲಿ ಸ್ವಂತ ಖರ್ಚಿನಿಂದ ಸರಿಪಡಿಸಬೇಕು. ಹತ್ತಾರು ವರ್ಷದ ಹಳೆ ಮನೆಗೆ ಆ ಆಸರೆ ಇಲ್ಲ. ಕಂಡ ದೋಷಗಳನ್ನು ಬರೆದುಕೊಂಡು, ಬೆಲೆ ಮಾತಾಡುವಾಗಲೇ ಮುಂದಿಡಿ.