ರೈಲ್ವೆಯ ಕಾಣದ ದಫ್ತರ

ಭಾರತದಲ್ಲಿ ಪ್ರಯಾಣಿಕರ ರೈಲು ಮೊದಲು ಓಡಿದ್ದು 1853ರ ಏಪ್ರಿಲ್ 16ರಂದು, ಮುಂಬಯಿಯ ಬೋರಿಬಂದರಿನಿಂದ ಠಾಣೆಗೆ. ಅಂದಿನಿಂದ ಕಟ್ಟಲ್ಪಟ್ಟ ಸೇತುವೆಗಳನ್ನೂ ಸುರಂಗಗಳನ್ನೂ ನಿಲ್ದಾಣಗಳನ್ನೂ ಜನ ಕಂಡು ಬೆರಗಾಗಿದ್ದಾರೆ. ಆದರೆ ಅದೇ ರೈಲ್ವೆ ಕಟ್ಟಿಸಿದ ಇನ್ನೊಂದು ದೊಡ್ಡ ನಿರ್ಮಾಣ ಯಾರ ಕಣ್ಣಿಗೂ ಬೀಳುವುದಿಲ್ಲ. ಅದು ಗಣಕಯಂತ್ರಗಳಲ್ಲಿ ನೆಲೆಗೊಂಡಿರುವ ಮುಂಗಡ ಕಾಯ್ದಿರಿಸುವಿಕೆಯ ವ್ಯವಸ್ಥೆ. ಮನೆಗೆ ಅಡಿಪಾಯ, ಕಂಬ, ತೊಲೆಗಳಿರುವಂತೆ ದೊಡ್ಡ ಸಂಸ್ಥೆಗಳ ತಂತ್ರಾಂಶಕ್ಕೂ ಒಂದು ಕಟ್ಟೋಣವಿದೆ. ಯಾವ ಭಾಗ ಎಲ್ಲಿರಬೇಕು, ಯಾವುದು ಯಾವುದರ ಮಾತನ್ನು ಕೇಳಬೇಕು ಎಂಬುದನ್ನು ನಿರ್ಧರಿಸುವುದೇ ಆ ಶಿಲ್ಪ.

ಗಣಕಯಂತ್ರಗಳು ಬರುವ ಮುನ್ನ ಈ ಕೆಲಸವೆಲ್ಲ ನಡೆಯುತ್ತಿದ್ದುದು ಕಾಗದದ ಮೇಲೆ. ಪ್ರತಿಯೊಂದು ರೈಲಿಗೂ ಪ್ರತಿಯೊಂದು ದಿನಾಂಕಕ್ಕೂ ಬೇರೆ ಬೇರೆ ಪುಟ. ಆ ಪುಟಗಳ ದಪ್ಪನೆಯ ದಫ್ತರವನ್ನು ಮುಂದಿಟ್ಟುಕೊಂಡು ಗುಮಾಸ್ತರು ಪ್ರಯಾಣಿಕರ ಹೆಸರುಗಳನ್ನು ಬರೆಯುತ್ತಿದ್ದರು. ಯಾವ ರೈಲಿನ ದಫ್ತರ ಯಾವ ಕಿಟಕಿಯಲ್ಲಿದೆಯೋ ಆ ಸಾಲಿನಲ್ಲೇ ನಿಲ್ಲಬೇಕು. ಸಾಲು ತಪ್ಪಿ ನಿಂತವನು ಒಂದೆರಡು ಗಂಟೆಯ ಮೇಲೆ ಮತ್ತೊಂದು ಸಾಲಿನ ತುದಿಗೆ ಹೋಗಬೇಕಾಗುತ್ತಿತ್ತು. ಮೈಸೂರಿನ ಒಂದು ಕುಟುಂಬ ಕಾಶಿಯಾತ್ರೆಗೆ ಹೊರಟಿತೆಂದು ಭಾವಿಸೋಣ. ಹೋಗುವ ದಾರಿಯ ಬರ್ತನ್ನು ಇಲ್ಲಿಯೇ ಪಡೆಯಬಹುದಾಗಿತ್ತು. ಹಿಂದಿರುಗುವ ರೈಲಿನ ದಫ್ತರವಾದರೋ ನೂರಾರು ಮೈಲಿಗಳಾಚೆಯ ಊರಿನಲ್ಲಿ! ಅಲ್ಲಿಗೆ ತಂತಿಯ ಮೂಲಕ ಕೋರಿಕೆ ಕಳುಹಿಸಿ ಉತ್ತರಕ್ಕಾಗಿ ಕಾಯಬೇಕು. ಉತ್ತರ ಬಾರದಿದ್ದರೆ ವೃದ್ಧರನ್ನೂ ಮಕ್ಕಳನ್ನೂ ಕಟ್ಟಿಕೊಂಡು ಪರಸ್ಥಳದಲ್ಲಿ ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಆದರೂ ಆ ಹಳೆಯ ದಫ್ತರಕ್ಕೆ ಒಂದು ದೊಡ್ಡ ಗುಣವಿತ್ತು. ಅದು ಒಂದೇ ಪ್ರತಿ. ಒಂದು ಸಲಕ್ಕೆ ಒಂದೇ ಕೈ ಅದರಲ್ಲಿ ಬರೆಯಬಲ್ಲದು. ಗಣಕಯಂತ್ರಕ್ಕೆ ಈ ಗುಣ ತಾನಾಗಿ ಬರುವುದಿಲ್ಲ. ನೂರು ಕಿಟಕಿಗಳಲ್ಲಿ ನೂರು ಗುಮಾಸ್ತರು ಒಂದೇ ಕ್ಷಣದಲ್ಲಿ ಒಂದೇ ಬರ್ತು ಖಾಲಿಯಿರುವುದನ್ನು ನೋಡಬಹುದು. ಎಲ್ಲರೂ ಅದನ್ನು ಕೊಟ್ಟುಬಿಟ್ಟರೆ ನಡುರಾತ್ರಿಯ ಬೋಗಿಯಲ್ಲಿ ಜಗಳವೇ ಗತಿ. ಆದ್ದರಿಂದ ಮೊದಲು ಕೇಳಿದವನ ಕೆಲಸ ಮುಗಿಯುವ ತನಕ ಆ ಬರ್ತಿನ ಲೆಕ್ಕಕ್ಕೆ ಯಂತ್ರವು ಬೀಗ ಹಾಕುತ್ತದೆ. ಉಳಿದವರು ಅರೆಕ್ಷಣ ಕಾಯುತ್ತಾರೆ. ಬರ್ತನ್ನು ಕೊಡುವುದು, ಹಣವನ್ನು ಲೆಕ್ಕಕ್ಕೆ ಹಿಡಿಯುವುದು, ಟಿಕೆಟಿಗೆ ಸಂಖ್ಯೆ ನೀಡುವುದು ಇವೆಲ್ಲ ಒಟ್ಟಿಗೆ ನಡೆಯಬೇಕು, ಇಲ್ಲವೇ ಒಂದೂ ನಡೆಯಬಾರದು. ನಡುವೆ ವಿದ್ಯುತ್ತು ಹೋದರೆ ಅರ್ಧ ಬರೆದುದನ್ನು ಅಳಿಸಿ ಮೊದಲಿನ ಸ್ಥಿತಿಗೆ ಮರಳಬೇಕು. ಇದರ ಮೇಲೆ ಇನ್ನೊಂದು ತೊಡಕುಂಟು. ಬೆಂಗಳೂರಿನಲ್ಲಿ ಹತ್ತಿದವನು ಹುಬ್ಬಳ್ಳಿಯಲ್ಲಿ ಇಳಿದರೆ ಅದೇ ಬರ್ತನ್ನು ಹುಬ್ಬಳ್ಳಿಯಿಂದ ಮುಂದಕ್ಕೆ ಬೇರೊಬ್ಬನಿಗೆ ಕೊಡಬಹುದು. ಹೀಗಾಗಿ ಒಂದು ಬರ್ತೆಂದರೆ ಒಂದು ಹಲಗೆಯ ಲೆಕ್ಕವಲ್ಲ, ದಾರಿಯ ತುಂಡುತುಂಡುಗಳ ಲೆಕ್ಕ.

ಇಂಥ ವ್ಯವಸ್ಥೆಯನ್ನು ಸರಕಾರಿ ಸ್ವಾಮ್ಯದ ಸಿ.ಎಂ.ಸಿ. ಸಂಸ್ಥೆ ಸಿದ್ಧಪಡಿಸಿತು. 1985ರ ನವೆಂಬರಿನಲ್ಲಿ ಅದು ಹೊಸದೆಹಲಿಯಲ್ಲಿ ಪ್ರಾಯೋಗಿಕವಾಗಿ ಆರಂಭವಾಯಿತು. ಅಲ್ಲಿ ಯಾವ ಕಿಟಕಿಗೆ ಹೋದರೂ ಯಾವ ರೈಲಿನ ಟಿಕೆಟನ್ನಾದರೂ ಪಡೆಯಬಹುದಾಯಿತು. ಮರುವರ್ಷ ರೈಲ್ವೆಯ ಗಣಕ ಕಾರ್ಯಕ್ಕಾಗಿಯೇ ‘ಕ್ರಿಸ್’ ಎಂಬ ಸಂಸ್ಥೆ ಸ್ಥಾಪಿತವಾಯಿತು. ದೆಹಲಿಯ ಬಳಿಕ ಮುಂಬಯಿ, ಕಲ್ಕತ್ತ, ಮದರಾಸು, ಸಿಕಂದರಾಬಾದುಗಳಲ್ಲೂ ಕೇಂದ್ರಗಳು ತಲೆಯೆತ್ತಿದವು. ಆದರೆ ಐದು ಕೇಂದ್ರಗಳೆಂದರೆ ಐದು ದ್ವೀಪಗಳು! ಒಂದರ ದಫ್ತರ ಇನ್ನೊಂದಕ್ಕೆ ಕಾಣದು. ಕಾಶಿಯಿಂದ ಹಿಂದಿರುಗುವ ಕುಟುಂಬದ ಕಷ್ಟ ಪೂರ್ತಿಯಾಗಿ ತೀರಲಿಲ್ಲ.

ದ್ವೀಪಗಳನ್ನು ಜೋಡಿಸುವುದು ಹೇಗೆ? ದೇಶಕ್ಕೆಲ್ಲ ಒಂದೇ ಮಹಾದಫ್ತರವನ್ನು ಒಂದೂರಿನಲ್ಲಿಟ್ಟರೆ ಲೆಕ್ಕ ಸರಳವಾಗುವುದೇನೋ ನಿಜ. ಆದರೆ ಆ ಊರಿನ ಯಂತ್ರ ಕೆಟ್ಟಿತೆಂದರೆ ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೂ ಕಿಟಕಿಗಳು ಮುಚ್ಚಿಹೋಗುತ್ತವೆ. ಒಂದೇ ದಫ್ತರದ ಐದು ಪ್ರತಿಗಳನ್ನು ಐದೂ ಊರುಗಳಲ್ಲಿಟ್ಟರೆ, ಒಂದರಲ್ಲಿ ಬರೆದುದು ಉಳಿದ ನಾಲ್ಕಕ್ಕೆ ಮುಟ್ಟುವುದರೊಳಗೆ ಅದೇ ಬರ್ತು ಎರಡು ಸಲ ಮಾರಾಟವಾಗುವ ಭಯ. ಆಯ್ದುಕೊಂಡ ಮಾರ್ಗ ಮೂರನೆಯದು. ಪ್ರತಿಯೊಂದು ರೈಲಿನ ದಫ್ತರವೂ ಒಂದು ಕೇಂದ್ರದಲ್ಲಿ ಮಾತ್ರ ಇರತಕ್ಕದ್ದು; ಬೇರೆ ಊರಿನ ಕಿಟಕಿಯಲ್ಲಿ ಆ ರೈಲನ್ನು ಯಾರಾದರೂ ಕೇಳಿದರೆ ದಫ್ತರ ಅಲುಗದೆ ಕೋರಿಕೆ ಮಾತ್ರ ತಂತಿಯ ಮೂಲಕ ಪ್ರಯಾಣ ಮಾಡಿ, ಉತ್ತರದೊಡನೆ ಹಿಂದಿರುಗತಕ್ಕದ್ದು. ‘ಕಾನ್ಸರ್ಟ್’ ಎಂಬ ಹೆಸರಿನ ಈ ಹೊಸ ತಂತ್ರಾಂಶವನ್ನು ಕ್ರಿಸ್ ರಚಿಸಿತು. 1994ರಲ್ಲಿ ಸಿಕಂದರಾಬಾದಿನಲ್ಲಿ ಮೊದಲು ನೆಲೆಯೂರಿದ ಅದು, 1999ರ ಏಪ್ರಿಲ್ ವೇಳೆಗೆ ಐದೂ ಕೇಂದ್ರಗಳನ್ನು ಬೆಸೆಯಿತು. ಹಳೆಯ ತಂತಿ ಕಚೇರಿ ದಿನಗಟ್ಟಲೆ ಮಾಡುತ್ತಿದ್ದ ಕೆಲಸವನ್ನೇ ಅದು ಕ್ಷಣದಲ್ಲಿ ಮಾಡುತ್ತದೆ ಎನ್ನಬಹುದು. ಟಿಕೆಟಿನ ಮೇಲಿನ ಹತ್ತು ಅಂಕಿಗಳ ಸಂಖ್ಯೆಯಲ್ಲಿ ಮೊದಲ ಅಂಕಿ ಆ ರೈಲಿನ ದಫ್ತರ ಯಾವ ಕೇಂದ್ರಕ್ಕೆ ಸೇರಿದ್ದೆಂಬುದರ ಗುರುತು.

ಈ ಬದಲಾವಣೆ ನಡೆಯುವಾಗ ಒಂದು ದಿನವೂ ರೈಲು ನಿಲ್ಲುವಂತಿರಲಿಲ್ಲ ಎಂಬುದನ್ನು ಮರೆಯಬಾರದು. ವಾಸವಿರುವ ಮನೆಯ ತೊಲೆಯನ್ನು ಬದಲಿಸುವಾಗ ಬೇಕಾಗುವ ಎಚ್ಚರವೇ ಇಲ್ಲೂ ಬೇಕು.

ವ್ಯವಸ್ಥೆಯ ಒಳಗೆ ಮೂರು ಅಂತಸ್ತುಗಳಿವೆಯೆಂದು ಸ್ಥೂಲವಾಗಿ ಹೇಳಬಹುದು. ಮೇಲಿನದು ಜನರಿಗೆ ಕಾಣುವ ಕಿಟಕಿ, ನಡುವಿನದು ನಿಯಮಗಳ ಅಂತಸ್ತು, ತಳದಲ್ಲಿರುವುದು ದಫ್ತರ. ಮಹಿಳೆಯರಿಗೆ, ಅಂಗವಿಕಲರಿಗೆ, ಹಿರಿಯರಿಗೆ ಮೀಸಲಾದ ಬರ್ತುಗಳು, ಕಾಯುವವರ ಪಟ್ಟಿಯ ಕ್ರಮ, ಟಿಕೆಟು ರದ್ದಾದಾಗ ಹಿಡಿಯುವ ಹಣ ಇವೆಲ್ಲ ನಡುವಿನ ಅಂತಸ್ತಿಗೆ ಸೇರಿದ ವಿಷಯಗಳು. ಅಲ್ಲಿರುವ ವಿವೇಕ ಯಂತ್ರದ್ದೆಂದು ತಿಳಿಯುವುದು ತಪ್ಪು. ಕಾಗದದ ಕಾಲದಲ್ಲೇ ರೂಢಿಯಾಗಿದ್ದ ನಿಯಮಗಳು ತಂತ್ರಾಂಶದ ಭಾಷೆಗೆ ಇಳಿದಿವೆ, ಅಷ್ಟೆ. ಅಂತಸ್ತುಗಳು ಬೇರೆಬೇರೆಯಾಗಿರುವುದರ ಪ್ರಯೋಜನ 2002ರಲ್ಲಿ ಕಂಡುಬಂತು. ಆ ವರ್ಷದ ಆಗಸ್ಟಿನಲ್ಲಿ ಐ.ಆರ್.ಸಿ.ಟಿ.ಸಿ. ಸಂಸ್ಥೆಯ ಮೂಲಕ ಅಂತರಜಾಲದಲ್ಲಿ ಟಿಕೆಟು ಮಾರಾಟ ಆರಂಭವಾದಾಗ ದಫ್ತರವನ್ನು ಒಡೆದು ಕಟ್ಟಬೇಕಾಗಲಿಲ್ಲ. ಇದ್ದ ಮನೆಗೆ ಇನ್ನೊಂದು ಕಿಟಕಿಯನ್ನು ಇಟ್ಟಂತಾಯಿತು.

ಆದರೆ ಎಂಥ ಕಟ್ಟೋಣವೂ ಇಲ್ಲದ ಬರ್ತನ್ನು ಸೃಷ್ಟಿಸಲಾರದು. ತತ್ಕಾಲ್ ಟಿಕೆಟುಗಳ ಮಾರಾಟ ಬೆಳಿಗ್ಗೆ ತೆರೆಯುತ್ತಲೇ ದೇಶದ ನಾನಾ ಮೂಲೆಗಳಿಂದ ಕೋರಿಕೆಗಳು ಒಮ್ಮೆಗೇ ನುಗ್ಗುತ್ತವೆ. ಅಂಗಳದ ಸಾಲಿನಲ್ಲಿ ಮುಂದೆ ನಿಂತವನು ಯಾರೆಂದು ಎಲ್ಲರಿಗೂ ಕಾಣುತ್ತಿತ್ತು. ಅಂತರಜಾಲದ ಸಾಲು ಯಾರಿಗೂ ಕಾಣದು. ವೇಗದ ಸಂಪರ್ಕವಿರುವ ನಗರವಾಸಿ ಮುಂದಾಗುತ್ತಾನೆ, ಹಳ್ಳಿಯವನು ಹಿಂದುಳಿಯುತ್ತಾನೆ. ಮನುಷ್ಯನ ಬದಲು ತಂತ್ರಾಂಶವನ್ನೇ ಸಾಲಿನಲ್ಲಿ ನಿಲ್ಲಿಸುವ ದಲ್ಲಾಳಿಗಳೂ ಹುಟ್ಟಿಕೊಂಡರು. ಅವರನ್ನು ತಡೆಯುವ ಉಪಾಯಗಳನ್ನು ರೈಲ್ವೆ ಮತ್ತೆ ಮತ್ತೆ ಬದಲಿಸಬೇಕಾಗಿ ಬಂದಿದೆ. ನಿಲ್ದಾಣದ ಹಳೆಯ ಕಿಟಕಿಗಳನ್ನು ಮುಚ್ಚದೆ ಉಳಿಸಿರುವುದು ಹಿಂದುಳಿದಿರುವಿಕೆಯ ಲಕ್ಷಣವಲ್ಲ. ಅದು ಸಾಮಾನ್ಯನಿಗೆ ಸಲ್ಲಬೇಕಾದ ನ್ಯಾಯ.

ರೈಲು ಹೊರಡುವುದಕ್ಕೆ ಕೆಲವು ಗಂಟೆಗಳ ಮೊದಲು ದಫ್ತರದ ಪುಟ ಅಂತಿಮಗೊಂಡು ಪ್ರಯಾಣಿಕರ ಪಟ್ಟಿ ಸಿದ್ಧವಾಗುತ್ತದೆ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಇತ್ತೀಚಿನ ವರ್ಷಗಳಲ್ಲಿ ಅನೇಕ ರೈಲುಗಳ ಟಿಕೆಟು ಪರೀಕ್ಷಕರು ಕೈಯಲ್ಲಿ ಕಾಗದದ ಪಟ್ಟಿಗೆ ಬದಲಾಗಿ ಪುಟ್ಟ ಯಂತ್ರವನ್ನು ಹಿಡಿದಿರುತ್ತಾರೆ. ಹತ್ತಬೇಕಾದವನು ಬಾರದಿದ್ದರೆ ಅವರು ಅದರಲ್ಲಿ ಗುರುತು ಹಾಕುತ್ತಾರೆ. ಆ ಸುದ್ದಿ ದೂರದ ದಫ್ತರವನ್ನು ಮುಟ್ಟುತ್ತದೆ. ಅರ್ಧ ಆಸನದಲ್ಲಿ ಮುದುಡಿ ಕುಳಿತಿದ್ದ ಯಾರಿಗೋ ರಾತ್ರಿ ಕಾಲು ಚಾಚಲು ಒಂದು ಬರ್ತು ದೊರೆಯುತ್ತದೆ.