ಊರ ಕಟ್ಟಡಗಳ ಕರೆಂಟ್ ಖರ್ಚು: ಯಾವ ಬದಲಾವಣೆ ಲಾಭ, ಯಾವುದು ನಷ್ಟ?



ತಮಿಳುನಾಡಿನಲ್ಲಿ ತೋಟದ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ಆದುದರಿಂದ ಯೂನಿಟ್ ಲೆಕ್ಕ ನಮಗೆ ಅಷ್ಟಾಗಿ ರೂಢಿಯಿಲ್ಲ. ಆದರೆ ಪಂಚಾಯತಿ ಕಚೇರಿ, ಶಾಲೆ, ಸಹಕಾರ ಸಂಘದ ಕಟ್ಟಡ, ಬೀದಿ ದೀಪ ಇವುಗಳಿಗೆ ಬಿಲ್ ಬರುತ್ತದೆ. ಅದನ್ನು ತುಂಬುವುದು ನಮ್ಮ ತೆರಿಗೆ ಮತ್ತು ಷೇರು ಹಣವೇ. ಬಿಲ್ಲಿಗೆ ಹೋದ ಹಣ ರಸ್ತೆಗೂ ಚರಂಡಿಗೂ ಸಿಗುವುದಿಲ್ಲ.

ಲೆಕ್ಕದ ಕ್ರಮ

ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ವರ್ಷದ ಉಳಿತಾಯದಿಂದ ಹಾಕಿದ ಬಂಡವಾಳವನ್ನು ಭಾಗಿಸಿದರೆ ಅಸಲು ಎಷ್ಟು ವರ್ಷಕ್ಕೆ ಕೈಸೇರುತ್ತದೆಂದು ತಿಳಿಯುತ್ತದೆ. ಲೆಕ್ಕಕ್ಕಾಗಿ ಯೂನಿಟ್‌ಗೆ 8 ರೂ. ಎಂದು ಹಿಡಿಯೋಣ. ಬೆಲೆಗಳೂ ಉದಾಹರಣೆಗೆ ಮಾತ್ರ. ತಮ್ಮ ಊರಿನ ದರ ಹಾಕಿಕೊಳ್ಳಬೇಕು.

1. ಬೀದಿ ದೀಪ: ಹಳೆಯ ಟ್ಯೂಬ್‌ಲೈಟ್ ಚೋಕ್ ಸೇರಿ ಸುಮಾರು 50 ವ್ಯಾಟ್, ಎಲ್‌ಇಡಿ 20 ವ್ಯಾಟ್. ದಿನಕ್ಕೆ 11 ಗಂಟೆಯಂತೆ ವರ್ಷಕ್ಕೆ ಉಳಿತಾಯ 120 ಯೂನಿಟ್, ಅಂದರೆ 960 ರೂ. ದೀಪಕ್ಕೆ 1,000 ರೂ. ಆದರೆ ಸುಮಾರು ಒಂದು ವರ್ಷದಲ್ಲಿ ಅಸಲು ಬಂತು.

2. ಉಗ್ರಾಣದ ದೀಪ: ದಿನಕ್ಕೆ ಒಂದೇ ಗಂಟೆ, ವರ್ಷಕ್ಕೆ 300 ದಿನ. ಉಳಿತಾಯ 9 ಯೂನಿಟ್, 72 ರೂ. ಮಾತ್ರ. 250 ರೂಪಾಯಿಯ ದೀಪಕ್ಕೂ ಮೂರೂವರೆ ವರ್ಷ ಬೇಕು. ಆದುದರಿಂದ ಹೆಚ್ಚು ಹೊತ್ತು ಉರಿಯುವ ದೀಪವನ್ನೇ ಮೊದಲು ಬದಲಿಸತಕ್ಕದ್ದು.

3. ಶಾಲೆಯ ಫ್ಯಾನ್: ಹಳೆಯದು 75 ವ್ಯಾಟ್, ಹೊಸ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್. ದಿನಕ್ಕೆ 8 ಗಂಟೆ, 220 ದಿನಕ್ಕೆ ಉಳಿತಾಯ 79 ಯೂನಿಟ್, 632 ರೂ. ಚೆನ್ನಾಗಿ ಓಡುತ್ತಿರುವ ಫ್ಯಾನ್ ಕಿತ್ತು 3,000 ರೂಪಾಯಿಯದನ್ನು ಹಾಕಿದರೆ ಸುಮಾರು ಐದು ವರ್ಷ ಕಾಯಬೇಕು. ಹಳೆಯದು ಕೆಟ್ಟಾಗ ಹಾಕಿದರೆ ಹೇಗೂ ಸಾಧಾರಣ ಫ್ಯಾನಿಗೆ 1,600 ರೂ. ಖರ್ಚಾಗುತ್ತಿತ್ತು, ಹೆಚ್ಚಿನ ಹೊರೆ 1,400 ರೂ. ಅಷ್ಟೇ. ಅದು ಎರಡೂಕಾಲು ವರ್ಷದಲ್ಲಿ ತೀರುತ್ತದೆ.

ಓಡಂತುರೈ ಪಂಚಾಯತಿಯ ಪಾಠ

ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳಯಂ ಬಳಿಯ ಓಡಂತುರೈ ಪಂಚಾಯತಿಯು 2006ರಲ್ಲಿ ಉಡುಮಲೈ ಕಡೆಯ ಮೈವಾಡಿಯಲ್ಲಿ 350 ಕಿಲೋವ್ಯಾಟ್ ಗಾಳಿಯಂತ್ರ ನಿಲ್ಲಿಸಿತು. ವೆಚ್ಚ 1.55 ಕೋಟಿ ರೂ.; ಅದರಲ್ಲಿ 1.15 ಕೋಟಿ ಬ್ಯಾಂಕ್ ಸಾಲ, ಉಳಿದದ್ದು ಪಂಚಾಯತಿಯ ಸ್ವಂತ ಉಳಿಕೆ. ವರ್ಷಕ್ಕೆ ಸುಮಾರು 6.75 ಲಕ್ಷ ಯೂನಿಟ್ ಉತ್ಪತ್ತಿ, ಊರಿನ ಅಗತ್ಯ ಸುಮಾರು 4.5 ಲಕ್ಷ. ಮಿಕ್ಕಿದ್ದನ್ನು ವಿದ್ಯುತ್ ಮಂಡಳಿಗೆ ಮಾರಿ ಸಾಲ ತೀರಿಸುವುದು ಯೋಜನೆಯಾಗಿತ್ತು.

ಇಲ್ಲಿ ಒಂದು ಅಂಶ ಗಮನಿಸಬೇಕು. ಇಂಥ ಊರು ಬಳಕೆಯಲ್ಲಿ ಐದರಲ್ಲೊಂದು ಪಾಲು ಉಳಿಸಿದರೆ ಇನ್ನೂ 90,000 ಯೂನಿಟ್ ಮಾರಾಟಕ್ಕೆ ಸಿಗುತ್ತದೆ. ಬಳಕೆ ತಗ್ಗಿಸದೆ ಸೋಲಾರ್ ಹಲಗೆಗೆ ಹಣ ಹಾಕುವುದು, ಕಾಲುವೆಯ ತೂತು ಮುಚ್ಚದೆ ಬಾವಿ ಆಳ ಮಾಡಿದಂತೆ. ಮೊದಲು ಪೋಲು ನಿಲ್ಲಿಸಿದರೆ ಚಿಕ್ಕ ಯಂತ್ರವೇ ಸಾಕಾಗುತ್ತದೆ, ಸಾಲವೂ ಕಡಿಮೆಯಾಗುತ್ತದೆ.

ಸದಸ್ಯರು ಮಾಡಬೇಕಾದುದು

ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಗ್ರಾಮ ಸಭೆಗಳಿಗೂ ಸಂಘದ ಸರ್ವಸದಸ್ಯರ ಸಭೆಗೂ ಹೋದಾಗ ಮೂರು ಪ್ರಶ್ನೆ ಕೇಳಿ:

• ಹೋದ ವರ್ಷದ ಬಿಲ್ ಒಟ್ಟು ಎಷ್ಟು?
• ಯಾವ ದೀಪ, ಫ್ಯಾನ್, ಮೋಟಾರು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ?
• ಹೊಸದಕ್ಕೆ ಹಾಕುವ ಹಣ ಎಷ್ಟು ವರ್ಷಕ್ಕೆ ವಾಪಸು?

ಫ್ಯಾನಿಗೆ 2023ರ ಜನವರಿಯಿಂದ ನಕ್ಷತ್ರ ಗುರುತಿನ ಚೀಟಿ ಕಡ್ಡಾಯವಾಗಿದೆ. ಕೊಳ್ಳುವಾಗ ಬೆಲೆಯ ಜೊತೆಗೆ ಆ ಚೀಟಿಯನ್ನೂ ನೋಡಿ ತೀರ್ಮಾನಿಸಿರಿ.

— ಕಬ್ಬು ಅಭಿವೃದ್ಧಿ ಅಧಿಕಾರಿ