ಕಾಲೇಜಿನ ರ‍್ಯಾಂಕನ್ನು ಎಷ್ಟು ನಂಬಬೇಕು?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಿಂದಲೇ ಬಸ್ಸಿನ ಹಿಂಭಾಗ, ಪತ್ರಿಕೆಯ ಮುಖಪುಟ, ಪೇಟೆಯ ಸರ್ಕಲ್ಲು ಎಲ್ಲೆಡೆ ಕಾಲೇಜುಗಳ ಜಾಹೀರಾತು ಶುರುವಾಗುತ್ತದೆ. 'ರಾಜ್ಯಕ್ಕೆ ನಂ. 1', 'ದೇಶದ ಮೊದಲ ನೂರರಲ್ಲಿ ಒಂದು', 'ನ್ಯಾಕ್ ಎ ಪ್ಲಸ್' ಎಂದು ದೊಡ್ಡ ಅಕ್ಷರ. ನಮ್ಮ ಸ್ವಸಹಾಯ ಸಂಘಗಳಲ್ಲಿ ಆ ದಿನಗಳಲ್ಲಿ ಸಾಲದ ಬೇಡಿಕೆ ಬರುವುದು ಹೆಚ್ಚಾಗಿ ಮಕ್ಕಳ ಫೀಸಿಗಾಗಿಯೇ. ತಾಯಂದಿರು ಕೇಳುವ ಪ್ರಶ್ನೆಯೂ ಒಂದೇ: "ಪೇಟೆಯ ಆ ಕಾಲೇಜಿಗೆ ರ‍್ಯಾಂಕ್ ಬಂದಿದೆಯಂತೆ, ಫೀಸು ಜಾಸ್ತಿ. ನಮ್ಮ ಹತ್ತಿರದ ಕಾಲೇಜಿಗೆ ಯಾವ ರ‍್ಯಾಂಕೂ ಇಲ್ಲ. ಎಲ್ಲಿಗೆ ಸೇರಿಸೋದು?" ಬಂಗಾರ ಅಡವಿಟ್ಟು ಹಣ ಹೊಂದಿಸುವ ಮುಂಚೆ, ಈ ರ‍್ಯಾಂಕನ್ನು ಯಾರು ಕೊಡುತ್ತಾರೆ, ಹೇಗೆ ಕೊಡುತ್ತಾರೆ, ನಮ್ಮಂಥವರಿಗೆ ಅದರಿಂದ ಏನು ಪ್ರಯೋಜನ ಎಂದು ತಿಳಿದುಕೊಳ್ಳುವುದು ಒಳ್ಳೆಯದು.

ಜಾಹೀರಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದೇ ಸಾಲಿನಲ್ಲಿ ಬರುತ್ತವೆ. ಅವನ್ನು ಮೊದಲು ಬಿಡಿಸಿಕೊಳ್ಳೋಣ. ಒಂದು, ಮಾನ್ಯತೆ. ಪದವಿ ಕಾಲೇಜಾದರೆ ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಸೇರಿರಬೇಕು, ಎಂಜಿನಿಯರಿಂಗ್ ಆದರೆ ಎಐಸಿಟಿಇ ಒಪ್ಪಿಗೆ ಇರಬೇಕು. ನಮ್ಮ ರಾಜ್ಯದಲ್ಲಿ ಬಿಎಸ್ಸಿ ನರ್ಸಿಂಗ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ, ಮುಂದೆ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಲು ಬರುತ್ತದೆಯೇ ಎಂದು ಕೇಳಬೇಕು. ಇದು ಇಲ್ಲದಿದ್ದರೆ ಉಳಿದ ಮಾತೇ ಬೇಡ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿಯೇ ಪ್ರಕಟಿಸುತ್ತದೆ. ಎರಡನೆಯದು ನ್ಯಾಕ್ ಗ್ರೇಡ್. 1994ರಲ್ಲಿ ಶುರುವಾದ ಈ ಸಂಸ್ಥೆಯ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ಅದು ಇಡೀ ಕಾಲೇಜಿಗೆ ಕೊಟ್ಟ ಗ್ರೇಡ್, ನಿಮ್ಮ ಮಗಳು ಓದುವ ವಿಭಾಗಕ್ಕೆ ಕೊಟ್ಟದ್ದಲ್ಲ. ಅದಕ್ಕೊಂದು ಅವಧಿಯೂ ಇರುತ್ತದೆ, ಸಾಮಾನ್ಯವಾಗಿ 5 ವರ್ಷ. ಅವಧಿ ಮುಗಿದ ಮೇಲೂ ಬೋರ್ಡು ಗೋಡೆಯ ಮೇಲೆ ಹಾಗೇ ಉಳಿದಿರಬಹುದು, ಆದ್ದರಿಂದ ಯಾವ ವರ್ಷದ್ದು ಎಂದು ಕೇಳಲು ಸಂಕೋಚ ಬೇಡ. ಮೂರನೆಯದೇ ರ‍್ಯಾಂಕ್.

ರ‍್ಯಾಂಕ್ ಕೊಡುವವರೂ ಹಲವರು. ವಾರಪತ್ರಿಕೆಗಳು ಕೊಡುತ್ತವೆ, ಖಾಸಗಿ ಕಂಪನಿಗಳು ಕೊಡುತ್ತವೆ. ಕೇಂದ್ರ ಸರ್ಕಾರ 2015ರಲ್ಲಿ ಎನ್‌ಐಆರ್‌ಎಫ್ ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, 2016ರಲ್ಲಿ ಮೊದಲ ಪಟ್ಟಿ ಹೊರತಂದಿತು. ಇದರಲ್ಲಿ ವಿಶ್ವವಿದ್ಯಾಲಯ, ಎಂಜಿನಿಯರಿಂಗ್, ಪದವಿ ಕಾಲೇಜು ಹೀಗೆ ಬೇರೆ ಬೇರೆ ಪಟ್ಟಿಗಳಿವೆ. ಎಂಜಿನಿಯರಿಂಗ್ ಪಟ್ಟಿಯನ್ನೇ ತೆಗೆದುಕೊಳ್ಳಿ. 100 ಅಂಕದಲ್ಲಿ ಕಲಿಕೆ ಮತ್ತು ಸೌಲಭ್ಯಕ್ಕೆ 30, ಸಂಶೋಧನೆಗೆ 30, ವಿದ್ಯಾರ್ಥಿಗಳ ಫಲಿತಾಂಶ ಮತ್ತು ಉದ್ಯೋಗಕ್ಕೆ 20, ಹೆಣ್ಣುಮಕ್ಕಳು, ಬಡವರು, ಬೇರೆ ರಾಜ್ಯದವರು ಎಷ್ಟಿದ್ದಾರೆ, ಅಂಗವಿಕಲರಿಗೆ ಸೌಲಭ್ಯ ಇದೆಯೇ ಎಂಬುದಕ್ಕೆ 10, ಉಳಿದ 10 ಹೆಸರಿಗೆ. ಹೆಸರಿಗೆ ಅಂದರೆ, ಕೆಲಸ ಕೊಡುವವರು ಮತ್ತು ಪ್ರಾಧ್ಯಾಪಕರು ಆ ಕಾಲೇಜಿನ ಬಗ್ಗೆ ಏನು ಅಂದುಕೊಂಡಿದ್ದಾರೆ ಎಂಬುದಕ್ಕೆ. ತಾಲ್ಲೂಕಿನ ಕಾಲೇಜಿನ ಹೆಸರನ್ನೇ ಕೇಳದವರು ಅದಕ್ಕೆ ಅಂಕ ಎಲ್ಲಿಂದ ಕೊಡುತ್ತಾರೆ? ಪದವಿ ಕಾಲೇಜುಗಳ ಪಟ್ಟಿಯಲ್ಲಿ ಸಂಶೋಧನೆಯ ತೂಕ ಕಡಿಮೆ, ಕಲಿಕೆಯ ತೂಕ ಹೆಚ್ಚು. ಆದರೂ ಬಿಕಾಂ ಓದಿ ಮೂರು ವರ್ಷಕ್ಕೆ ಕೆಲಸ ಹುಡುಕಬೇಕಾದ ಹುಡುಗನಿಗೆ ಕಾಲೇಜಿನವರು ಎಷ್ಟು ಸಂಶೋಧನಾ ಲೇಖನ ಬರೆದರು ಎಂಬುದರಿಂದ ಆಗುವ ಲಾಭ ಅಷ್ಟಕ್ಕಷ್ಟೇ. ಪಿಎಚ್‌ಡಿ ಮಾಡುವವರಿಗೆ ಅದೇ ದೊಡ್ಡದು. ಅಂದರೆ ಒಂದೇ ಪಟ್ಟಿ ಎಲ್ಲರಿಗೂ ಹೊಂದುವುದಿಲ್ಲ.

ಇನ್ನು ನಂಬಿಕೆಯ ಪ್ರಶ್ನೆ. ಈ ಲೆಕ್ಕಗಳಲ್ಲಿ ಬಹುಪಾಲು ಕಾಲೇಜೇ ಬರೆದು ಕಳಿಸಿದ್ದು. ಎಲ್ಲರೂ ಸುಳ್ಳು ಬರೆಯುತ್ತಾರೆ ಎಂದು ನಾವು ಹೇಳುತ್ತಿಲ್ಲ, ಆದರೆ ದೊಡ್ಡವರೂ ತಪ್ಪಿದ್ದಾರೆ. ಅಮೆರಿಕದಲ್ಲಿ ಯು.ಎಸ್. ನ್ಯೂಸ್ ಎಂಬ ಸಂಸ್ಥೆಯ ಪಟ್ಟಿ ಬಹಳ ಪ್ರಸಿದ್ಧ. ಅದರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ 2ನೇ ಸ್ಥಾನದಲ್ಲಿತ್ತು. 2022ರ ಫೆಬ್ರವರಿಯಲ್ಲಿ ಅಲ್ಲಿಯೇ ಗಣಿತ ಕಲಿಸುವ ಪ್ರಾಧ್ಯಾಪಕ ಮೈಕೆಲ್ ಥಾಡಿಯಸ್ ಅವರು, ನಮ್ಮ ವಿಶ್ವವಿದ್ಯಾಲಯ ಕೊಟ್ಟಿರುವ ಅಂಕಿ-ಅಂಶಗಳು ಸರಿಯಿಲ್ಲ ಎಂದು ಲೆಕ್ಕ ಸಮೇತ ಬರೆದರು. ಒಂದೊಂದು ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದೂ ಅವರ ಆಕ್ಷೇಪಗಳಲ್ಲಿ ಸೇರಿತ್ತು. ತಪ್ಪಾಗಿದೆ ಎಂದು ವಿಶ್ವವಿದ್ಯಾಲಯವೂ ಆಮೇಲೆ ಒಪ್ಪಿಕೊಂಡಿತು. ಅದೇ ಸೆಪ್ಟೆಂಬರ್‌ನಲ್ಲಿ ಬಂದ ಹೊಸ ಪಟ್ಟಿಯಲ್ಲಿ ಅದರ ಸ್ಥಾನ 18. ಏಳೆಂಟು ತಿಂಗಳಲ್ಲಿ ಅಲ್ಲಿನ ಮೇಷ್ಟ್ರುಗಳೂ ಬದಲಾಗಿಲ್ಲ, ಗ್ರಂಥಾಲಯವೂ ಬದಲಾಗಿಲ್ಲ, ಬದಲಾದದ್ದು ಕಾಗದದ ಮೇಲಿನ ಲೆಕ್ಕ ಮಾತ್ರ. ಮರುವರ್ಷ ಆ ಪಟ್ಟಿಗೆ ಮಾಹಿತಿ ಕೊಡುವುದನ್ನೇ ಕೊಲಂಬಿಯಾ ನಿಲ್ಲಿಸಿತು.

ನಮ್ಮ ದೇಶವೇನೂ ಇದಕ್ಕೆ ಹೊರತಲ್ಲ. 2025ರ ಫೆಬ್ರವರಿಯಲ್ಲಿ, ಒಳ್ಳೆಯ ನ್ಯಾಕ್ ಗ್ರೇಡಿಗಾಗಿ ಲಂಚ ಕೊಟ್ಟು ಪಡೆದ ಆರೋಪದ ಮೇಲೆ, ತಪಾಸಣೆಗೆ ಹೋಗಿದ್ದ ತಂಡದ ಸದಸ್ಯರನ್ನೂ ಆಂಧ್ರಪ್ರದೇಶದ ಒಂದು ಖಾಸಗಿ ಸಂಸ್ಥೆಯ ಕೆಲವರನ್ನೂ ಸಿಬಿಐ ಬಂಧಿಸಿತು.

ಹಾಗಾದರೆ ರ‍್ಯಾಂಕ್ ಇಲ್ಲದ ಕಾಲೇಜು ಕಳಪೆಯೇ? ಖಂಡಿತ ಅಲ್ಲ. ಸರ್ಕಾರದ ಸಮೀಕ್ಷೆಯ ಪ್ರಕಾರ 2021-22ರಲ್ಲಿ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಕಾಲೇಜುಗಳಿದ್ದವು. 2024ರ ಎನ್‌ಐಆರ್‌ಎಫ್‌ನ ಪದವಿ ಕಾಲೇಜು ವಿಭಾಗಕ್ಕೆ ಅರ್ಜಿ ಹಾಕಿದ್ದು 3,371. ಕ್ರಮಸಂಖ್ಯೆ ಹಾಕಿ ಪ್ರಕಟಿಸುವುದು ಮೊದಲ ನೂರಕ್ಕೆ ಮಾತ್ರ, ನಂತರದವು ಗುಂಪು ಗುಂಪಾಗಿ ಬರುತ್ತವೆ. ನಿಮ್ಮ ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಅರ್ಜಿಯನ್ನೇ ಹಾಕಿರಲಿಕ್ಕಿಲ್ಲ. ಓಟಕ್ಕೇ ಇಳಿಯದವನನ್ನು ಸೋತವನು ಅನ್ನಲಾಗುತ್ತದೆಯೇ?

ಇಷ್ಟೆಲ್ಲ ಹೇಳಿದ ಮೇಲೆ ರ‍್ಯಾಂಕ್ ಪಟ್ಟಿ ಕಸದ ಬುಟ್ಟಿಗೆ ಅಂತ ತಿಳಿಯಬೇಡಿ. ಎರಡು ಕಡೆ ಅದು ಕೆಲಸಕ್ಕೆ ಬರುತ್ತದೆ.

ಒಂದು, ಆ ಸಂಖ್ಯೆಯ ಹಿಂದಿರುವ ಮಾಹಿತಿ. ಎನ್‌ಐಆರ್‌ಎಫ್‌ಗೆ ಕಾಲೇಜು ಸಲ್ಲಿಸಿದ ವಿವರ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ಎಷ್ಟು ಮಕ್ಕಳು ಸೇರಿದರು, ಎಷ್ಟು ಮಂದಿ ಸರಿಯಾದ ಅವಧಿಯಲ್ಲಿ ಪಾಸಾದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು, ಎಷ್ಟು ಜನರಿಗೆ ಪೂರ್ತಿ ಬೋಧನಾ ಶುಲ್ಕ ವಾಪಸು ಬಂತು ಎಂದು ಅದರಲ್ಲಿ ಇರುತ್ತದೆ. ಸಂಬಳದ ಬಗ್ಗೆ ಮಾತ್ರ ಹುಷಾರಾಗಿ ಓದಬೇಕು. ಐದು ಜನರಿಗೆ ಕೆಲಸ ಸಿಕ್ಕಿದೆ ಎನ್ನಿ: ತಿಂಗಳಿಗೆ 10, 12, 15, 18 ಸಾವಿರ, ಐದನೆಯವನಿಗೆ ಒಂದು ಲಕ್ಷ. ಸರಾಸರಿ ತೆಗೆದರೆ 31 ಸಾವಿರ ಬರುತ್ತದೆ, ಜಾಹೀರಾತಿನಲ್ಲಿ ಒಂದು ಲಕ್ಷದ ಹುಡುಗನ ಫೋಟೋ ಬರುತ್ತದೆ. ಐವರನ್ನು ಸಂಬಳದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ ನಡುವೆ ನಿಂತವನನ್ನು ಕೇಳಿದರೆ 15 ಸಾವಿರ. ಎನ್‌ಐಆರ್‌ಎಫ್ ವಿವರದಲ್ಲಿ ಕೊಡುವುದು ಈ ನಡುವಿನವನ ಸಂಬಳ, ಅದನ್ನು ವರ್ಷದ ಲೆಕ್ಕದಲ್ಲಿ ಬರೆದಿರುತ್ತಾರೆ. ಸಾಲದ ಕಂತು ಕಟ್ಟಲು ಸಾಧ್ಯವೇ ಎಂದು ಲೆಕ್ಕ ಹಾಕುವಾಗ ಇದನ್ನೇ ಇಟ್ಟುಕೊಳ್ಳಿ. ಇದೂ ಕಾಲೇಜೇ ಕೊಟ್ಟ ಲೆಕ್ಕ ಎಂಬುದು ನೆನಪಿರಲಿ.

ಇನ್ನೊಂದು, ಬ್ಯಾಂಕ್ ಸಾಲ. ಕೇಂದ್ರ ಸಚಿವ ಸಂಪುಟ 2024ರ ನವೆಂಬರ್‌ನಲ್ಲಿ ಪಿಎಂ ವಿದ್ಯಾಲಕ್ಷ್ಮಿ ಯೋಜನೆಗೆ ಒಪ್ಪಿಗೆ ನೀಡಿತು. ಇದರಡಿ ಅಡಮಾನ, ಜಾಮೀನು ಎರಡೂ ಇಲ್ಲದೆ ಶಿಕ್ಷಣ ಸಾಲ ಸಿಗುತ್ತದೆ. ವರ್ಷಕ್ಕೆ 8 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬದ ಮಕ್ಕಳಿಗೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿ ಕೊಡುವುದಾಗಿ ಹೇಳಿದೆ, ಆದರೆ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಯಾವ ಕಾಲೇಜಿಗೆ ಸೇರಿದರೆ ಈ ಸಾಲ ಎಂಬುದನ್ನು ತೀರ್ಮಾನಿಸುವುದು ಎನ್‌ಐಆರ್‌ಎಫ್ ರ‍್ಯಾಂಕ್. ಪಟ್ಟಿಗಳ ಮೊದಲ ನೂರು, ರಾಜ್ಯ ಸರ್ಕಾರದ ಸಂಸ್ಥೆಯಾದರೆ ಇನ್ನೂರರವರೆಗೆ, ಮತ್ತು ಕೇಂದ್ರ ಸರ್ಕಾರದ ಸಂಸ್ಥೆಗಳು. ಯೋಜನೆ ಶುರುವಾದಾಗ ಇಂಥವು 860 ಇದ್ದವು. ಪಟ್ಟಿ ವರ್ಷವರ್ಷವೂ ಬದಲಾಗುವುದರಿಂದ ಸೀಟು ಆರಿಸುವ ಮೊದಲೇ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಕಾಲೇಜಿನ ಹೆಸರು ನೋಡಿಸಿಕೊಳ್ಳಿ. ಬೋರ್ಡಿನಲ್ಲಿ ವಾರಪತ್ರಿಕೆ ಕೊಟ್ಟ 'ನಂ. 1' ಇದ್ದರೆ ಬ್ಯಾಂಕಿನಲ್ಲಿ ಅದು ನಡೆಯುವುದಿಲ್ಲ.

ಕಾಲೇಜು ನೋಡಲು ಹೋದಾಗ ಆಫೀಸಿನವರು ಬಣ್ಣದ ಪುಸ್ತಕ ಕೊಟ್ಟು, ಕಟ್ಟಡ ತೋರಿಸಿ ಕಳಿಸಿಬಿಡ್ತಾರೆ. ರ‍್ಯಾಂಕ್ ಕೊಟ್ಟವರು ಯಾರು, ಯಾವ ವರ್ಷ, ಯಾವ ವಿಭಾಗದಲ್ಲಿ ಎಂದು ಅಲ್ಲೇ ಕೇಳಿಬಿಡಿ. 'ಖಾಸಗಿ ಕಾಲೇಜುಗಳಲ್ಲಿ, ದಕ್ಷಿಣ ವಲಯದಲ್ಲಿ' ಎಂಬ ಸಣ್ಣ ಅಕ್ಷರದ ಸಾಲು ಆಗ ಹೊರಬರುತ್ತದೆ. ಆಮೇಲೆ ಹೊರಗೆ ಕ್ಯಾಂಟೀನಿನ ಹತ್ತಿರ ಕೊನೆಯ ವರ್ಷದ ನಾಲ್ಕು ಮಕ್ಕಳನ್ನು ಮಾತಾಡಿಸಿ. ಪಾಠ ಮಾಡುವವರು ವರ್ಷದ ನಡುವೆ ಎಷ್ಟು ಮಂದಿ ಬಿಟ್ಟುಹೋದರು, ಲ್ಯಾಬಿನಲ್ಲಿ ಕೈಯಾರೆ ಮಾಡಲು ಬಿಡುತ್ತಾರೋ ಇಲ್ಲವೋ, ಸೇರಿದ ಮೇಲೆ ಹೆಸರೇ ಇಲ್ಲದ ಯಾವ ಯಾವ ಫೀಸು ಕೇಳಿದರು ಎಂದು ಅವರು ಹೇಳುತ್ತಾರೆ.